ಬಿಳಿ ಗಾಡಿಯವರು ಸರೀರಿ

ಕುಕನೂರು
೨೩ ನವೆಂಬರ್ ೨೦೨೫, ಭಾನುವಾರ

ಗೆಳತಿ ಲಲಿತಾಗೆ ಲಲಿತಾಳ ನಮಸ್ಕಾರ.

ಹೆಸರು ತಪ್ಪಿ ಬರೆದಿಲ್ಲ. ಗಣೇಶ ಚೌತಿ ಆದಾಗಿನಿಂದ ನಾನು ನೀನಾಗಿದ್ದೇನೆ. ನಿನ್ನ ಹೆಸರಿನಲ್ಲಿ ಶಾಲೆಗೆ ಹೋಗುತ್ತಿದ್ದೇನೆ, ನಿನ್ನ ಹೆಸರು ಕೂಗಿದರೆ ಎದ್ದು ‘ಹಾಜರ್ ಸರ್’ ಎನ್ನುತ್ತಿದ್ದೇನೆ, ನಿನ್ನ ಹೆಸರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆಯನ್ನೂ ಬರೆದಿದ್ದೇನೆ. ಕನ್ನಡದಲ್ಲಿ ನಿನಗೆ ಛಲೋ ಅಂಕ ಬಂದಿವೆ. ಗಣಿತದಲ್ಲಿ ನೀನು ಫೇಲು. ಅದಕ್ಕೆ ನನ್ನನ್ನು ಬೈಯಬಹುದು. ಆದರೆ ನೀನೇ ಬರೆದಿದ್ದರೆ ಪಾಸಾಗುತ್ತಿದ್ದೆ ಎಂದು ನಾನು ಸುಳ್ಳು ಹೇಳಲಾರೆ.

ಇಷ್ಟು ದಿನ ನೀನು ಫೋನು ಮಾಡಿದಾಗಲೆಲ್ಲ ನಾನು ಎತ್ತದೇ ಇದ್ದದ್ದು ಇದಕ್ಕೇ. ಎತ್ತಿದ್ದರೆ ‘ಊಟ ಆತಾ’ ಎನ್ನುವ ಮೊದಲೇ ಹೇಳಿಬಿಡುತ್ತಿದ್ದೆ. ಎದುರಿಗೆ ಹೇಳಲು ಹೋದರೆ ನೀನು ಎರಡನೇ ಮಾತಿಗೇ ಚೀರಲು ಶುರುಮಾಡುತ್ತೀ, ಮೂರನೆಯದು ನಿನ್ನ ಕಿವಿಗೆ ಬೀಳುವುದಿಲ್ಲ. ಆದ್ದರಿಂದ ಈ ಪತ್ರವನ್ನು ನಾನೇ ತಂದು ನಿನ್ನ ಕೈಗಿಟ್ಟು ಬಾಗಿಲ ಹೊರಗೆ ನಿಲ್ಲುತ್ತೇನೆ. ನೀನು ಈ ಸಾಲು ಓದುವಾಗ ನಾನು ನಿಮ್ಮ ಕಟ್ಟೆಯ ಮೇಲೇ ಇರುತ್ತೇನೆ. ಪೂರ್ತಿ ಓದು. ಆಮೇಲೆ ಬಾಗಿಲು ತೆಗೆಯುವುದು ಬಿಡುವುದು ನಿನಗೆ ಬಿಟ್ಟದ್ದು.

ಹೋದ ವರ್ಷ ಒಂಬತ್ತನೇ ತರಗತಿಯಲ್ಲಿ ನಾನು ಶಾಲೆ ಬಿಟ್ಟದ್ದು ನಿನ್ನ ಕಣ್ಣೆದುರೇ ಆದದ್ದು. ತಪಾಸಣೆಗೆ ಬಂದ ಸಾಹೇಬರು ‘ಕಂಪ್ಯೂಟರ್ ಕಲಿಸ್ತಾರೇನವಾ’ ಎಂದು ಕೇಳಿದರು. ನಾನು ‘ಅದರ ಮ್ಯಾಲಿನ ಅರಿವಿ ತಗಿಯಾಂಗಿಲ್ರಿ, ಧೂಳ ಕೂಡತೈತಿ ಅಂತಾರ್ರಿ’ ಎಂದೆ. ನೀನು ಪಕ್ಕದಲ್ಲಿ ಕೂತು ನನ್ನ ಚೂಡಿದಾರದ ಅಂಚು ಎಳೆದೇ ಎಳೆದೆ. ಅಂದಿನಿಂದ ಯಾವ ಸರ್ ಪಾಠ ಮಾಡಿದರೂ ನನ್ನ ಕಡೆ ಒಮ್ಮೆ ಓರೆಗಣ್ಣು ಬಿಟ್ಟೇ ಮುಂದಕ್ಕೆ ಹೋಗುತ್ತಿದ್ದರು. ಒಂದು ದಿನ ಗೇಟಿನಲ್ಲಿ ನಿಂತು, ‘ಈ ಸಾಲ್ಯಾಗ ಇನ್ನೊಮ್ಮಿ ಕಾಲಿಟ್ರ ನನ್ನ ಹೆಸರು ನೇತ್ರಾವತಿ ಅಲ್ಲ’ ಎಂದು ಕೂಗಿ ಬಂದೆ. ನೋಡು, ಆ ಮಾತಿಗೆ ತಪ್ಪಲಿಲ್ಲ. ಮತ್ತೆ ಕಾಲಿಟ್ಟೆ, ನನ್ನ ಹೆಸರು ನೇತ್ರಾವತಿ ಆಗಿರಲಿಲ್ಲ.

ಆಮೇಲೆ ಎಲ್ಲೂ ಕಾಲು ನಿಲ್ಲಲಿಲ್ಲ. ಬಟ್ಟೆ ಅಂಗಡಿಗೆ ಸೇರಿದೆ. ಸೀರೆ ಹಿಡಿದ ಹೆಂಗಸು ‘ಬಣ್ಣ ಬಿಡತೈತೇನವಾ’ ಎಂದಳು, ‘ಬಿಡತೈತ್ರಿ’ ಎಂದೆ. ಮರುದಿನ ಮಾಲಕರು ನನ್ನನ್ನೇ ಬಿಟ್ಟರು. ಗಿರಣಿಗೆ ಹೋದೆ, ಅಲ್ಲಿಯೂ ಅದೇ ಕಥೆ. ಮನೆಯಲ್ಲಿ ಅಜ್ಜಿ ಪಕ್ಕೀರವ್ವ, ‘ನಿನ್ನ ಬಾಯಿಗೆ ಒಂದ ಕದಾ ಹಚ್ಚಿಸಬೇಕಿತ್ತು, ನಿಮ್ಮಪ್ಪ ಮರತಾನ’ ಎನ್ನುತ್ತಿದ್ದಳು.

ಅಷ್ಟರಲ್ಲಿ ನಿಮ್ಮಪ್ಪನಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕು ನೀವು ಗಂಗಾವತಿಗೆ ಹೋದಿರಿ. ನೀವು ಹೋದ ಮೇಲೆ ಶಾಲೆಯಿಂದ ಹನಮಪ್ಪ ಮಾಸ್ತರರು ನಮ್ಮ ಮನೆಗೆ ಬಂದರು. ಈ ವರ್ಷದ ಪ್ರತಿಭಾ ಕಾರಂಜಿಗೆ ಅವರು ಕವ್ವಾಲಿ ತಂಡ ಕಟ್ಟಿದ್ದರು. ಅವರ ಲೆಕ್ಕಾಚಾರ ಹೀಗಿತ್ತು: ‘ಭಾವಗೀತಿಗೆ ಒಂದೊಂದ ಸಾಲಿಯಿಂದ ಕೋಗಿಲಿ ಹಾಂಗ ಹಾಡೋರು ಬರ್ತಾರ. ಕವ್ವಾಲಿಗೆ ಯಾರೂ ಬರಂಗಿಲ್ಲ. ಹಾಡಾಕ ಬರಲಿಲ್ಲಂದ್ರೂ ಚಪ್ಪಾಳಿ ಹೊಡಿಯಾಕ ಬರತೈತಲ್ಲ?’ ಆರು ಮಂದಿ ಬೇಕು. ನೀನು ಹೋಗಿ ಐದೇ ಮಂದಿ ಉಳಿದಿದ್ದರು. ತರಗತಿಯ ಬೇರೆಯವರೆಲ್ಲ ಹಾಡು ಶುರುವಾದೊಡನೆ ನಗುವವರು.

‘ಲಲಿತಾ ಹೋಗ್ಯಾಳ, ಅಕಿ ಹೆಸರು ಇಲ್ಲೇ ಐತಿ. ನೀ ಬಂದು ಅದರಾಗ ಕೂಡು’ ಎಂದರು, ಬಸ್ಸಿನಲ್ಲಿ ಸೀಟು ತೋರಿಸಿದ ಹಾಗೆ.

ನಾನು ಸುಳ್ಳು ಹೇಳುವುದಿಲ್ಲ ಎಂದೆ.

‘ಹೇಳಬ್ಯಾಡ. ಯಾರರೆ ಹೆಸರು ಕೇಳಿದ್ರ ಕೆಮ್ಮು’ ಎಂದರು.

ಮನೆಯಲ್ಲಿ ಕೂತು ಬೇಜಾರಾಗಿತ್ತು, ಒಪ್ಪಿಕೊಂಡೆ. ಅಷ್ಟೇ, ಬೇರೇನೂ ಕಾರಣವಿಲ್ಲ. ಹಾಜರಿ ಇಲ್ಲದಿದ್ದರೆ ತಂಡಕ್ಕೆ ಸೇರಿಸಲಾಗುವುದಿಲ್ಲ ಎಂದು ದಿನವೂ ತರಗತಿಗೆ ಬರಲು ಹೇಳಿದರು. ಒಂಬತ್ತನ್ನೇ ಮುಗಿಸದವಳು ಹತ್ತನೇತ್ತಿಯಲ್ಲಿ ಕೂತೆ. ತರಗತಿಗೆಲ್ಲ ಗೊತ್ತು, ಓಣಿಗೆಲ್ಲ ಗೊತ್ತು, ಅಜ್ಜಿಗೂ ಗೊತ್ತು. ಗೊತ್ತಿಲ್ಲದ ಲಲಿತಾ ನೀನೊಬ್ಬಳೇ.

ಈಗ ಹಾಡಿನ ವಿಷಯ. ನಮ್ಮಲ್ಲಿ ಯಾರಿಗೂ ಸಂತೆಗೆ ಸಾಕಾಗುವುದಕ್ಕಿಂತ ಹೆಚ್ಚು ಉರ್ದು ಬರುವುದಿಲ್ಲ. ಟೆಂಪೋ ಓಡಿಸುವ ಹುಸೇನಬಾಷಾ ಕಾಕಾ ಯಾವುದೋ ಊರಿನ ಉರುಸಿನಲ್ಲಿ ತಮ್ಮ ಫೋನಿಗೆ ತುಂಬಿಸಿಕೊಂಡ ಕವ್ವಾಲಿ ಒಂದಿತ್ತು. ಮಾಸ್ತರರು ಅದನ್ನು ತಂದು, ‘ಇದ್ದದ್ದ ಇದ್ದಾಂಗ ಬಾಯಿಪಾಠ ಮಾಡ್ರಿ, ಒಂದಕ್ಷರ ಬಿಡಬ್ಯಾಡ್ರಿ’ ಎಂದರು. ಮಾಡಿದೆವು. ಹಾಡಿನ ನಡುವೆ ಒಂದು ಸಾಲು ಬರುತ್ತಿತ್ತು: ‘ಸಫೇದ್ ಗಾಡಿ ವಾಲೇ, ಗಾಡಿ ಬಾಜೂಕು ಲೇಲೋ, ರಸ್ತಾ ಬಂದ್ ಹೈ.’ ಸ್ವಲ್ಪ ಹೊತ್ತಿಗೆ ಅದೇ ಸಾಲು ಇನ್ನೊಮ್ಮೆ. ಆ ಸಾಲು ನನ್ನ ಪಾಲಿಗೆ ಬಂದಿತ್ತು. ನಾನು ಹಾಡಬೇಕು, ಉಳಿದವರು ಅದನ್ನೇ ಎತ್ತಿಕೊಂಡು ಚಪ್ಪಾಳೆ ತಟ್ಟಬೇಕು.

‘ಸರ್, ಇದು ಹಾಡಲ್ರಿ. ಯಾರದೋ ಬಿಳಿ ಗಾಡಿ ಅಡ್ಡ ನಿಂತೈತಿ, ಸರಸ್ರಿ ಅಂತ ಮೈಕಿನ್ಯಾಗ ಕೂಗ್ಯಾರ’ ಎಂದೆ.

ಮಾಸ್ತರರು ಕಣ್ಣು ಮುಚ್ಚಿದರು. ‘ನಿನಗ ಮ್ಯಾಲಿನ ಅರ್ಥ ಅಷ್ಟ ಕಾಣತೈತಿ. ಬಿಳಿ ಗಾಡಿ ಅಂದ್ರ ಆತ್ಮ. ರಸ್ತಾ ಅಂದ್ರ ಮುಕ್ತಿ. ಬಾಜೂಕ ಸರಿ ಅಂದ್ರ ಅಹಂಕಾರ ಬಿಡು ಅಂತ. ಹಾಡು.’

ಒಂದು ದಿನ ಹುಸೇನಬಾಷಾ ಕಾಕಾನೇ ತಾಲೀಮು ನೋಡಲು ಬಂದರು. ಆ ಸಾಲು ಬಂದದ್ದೇ ಕುಣಿದಾಡಿದರು. ‘ಸರ್, ಅದು ನಂದ ಗಾಡಿರಿ! ಅವತ್ತ ಬಾಗಲಕ್ಕ ಅಡ್ಡ ನಿಲ್ಲಿಸಿದ್ನಿ. ಮೊದಲ ಸಲ ಕೂಗಿದಾಗ ಎದ್ದ ಹೋಗಲಿಲ್ಲ, ಅದಕ್ಕ ಎರಡನೇ ಸಲ ಕೂಗಿದ್ರು!’

ಮಾಸ್ತರರು, ‘ಇರಬಹುದು ಬಾಷಾ. ಆದ್ರ ಹಾಡಿನಾಗ ಬಂದ ಮ್ಯಾಲೆ ಅದು ಆತ್ಮ’ ಎಂದರು.

ನಮ್ಮ ಶಾಲೆಗೆ ಹಾರ್ಮೋನಿಯಂ ಇಲ್ಲ. ತಂಡದಲ್ಲಿ ಢೋಲಕ್ಕು ಬಾರಿಸುವ ಮಲ್ಲೇಶನ ಸೋದರಮಾವ ಕಿನ್ನಾಳದಲ್ಲಿ ಕಟ್ಟಿಗೆಯ ಗೊಂಬೆ ಮಾಡುವವರು. ಅವರು ಕಟ್ಟಿಗೆಯಲ್ಲೇ ಒಂದು ಹಾರ್ಮೋನಿಯಂ ಮಾಡಿ, ಕೆಂಪು ಹಳದಿ ಬಣ್ಣ ಬಳಿದು, ಮೇಲೆ ಎರಡು ಗಿಳಿ ಬರೆದುಕೊಟ್ಟರು. ಸ್ವರ ಒಂದು ಬಿಟ್ಟು ಎಲ್ಲ ಇತ್ತು. ಶ್ವೇತಾ ಅದನ್ನು ಎಂಥ ಭಾವದಿಂದ ನುಡಿಸುತ್ತಿದ್ದಳೆಂದರೆ ಯಲಬುರ್ಗಾದ ತಾಲ್ಲೂಕು ಮಟ್ಟದಲ್ಲಿ ತೀರ್ಪುಗಾರರೊಬ್ಬರು, ‘ಹಾರ್ಮೋನಿಯಂ ಇನ್ನೊಂಚೂರು ಜೋರಿದ್ರ ಛಲೋ ಇತ್ತು’ ಎಂದರು. ಅಲ್ಲಿ ನಮ್ಮದು ಬಿಟ್ಟರೆ ಇನ್ನೊಂದೇ ತಂಡವಿತ್ತು. ಅದರಲ್ಲೂ ಒಬ್ಬ ವೇದಿಕೆಯ ಮೇಲೆ ಅತ್ತುಬಿಟ್ಟ. ನಮಗೆ ಮೊದಲ ಬಹುಮಾನ ಬಂತು. ನನ್ನ ಹೆಸರು ಕೇಳಿದರು, ಕೆಮ್ಮಿದೆ. ಮತ್ತೆ ಕೇಳಿದರು, ಇನ್ನೂ ಜೋರಾಗಿ ಕೆಮ್ಮಿದೆ. ಒಬ್ಬ ಮೇಡಂ ಪರ್ಸಿನಿಂದ ಶುಂಠಿ ಪೆಪ್ಪರಮಿಂಟು ತೆಗೆದು ಕೊಟ್ಟರು. ತಿಂದೆ. ಸುಳ್ಳು ಹಾರ್ಮೋನಿಯಂ, ಸುಳ್ಳು ಲಲಿತಾ, ಸುಳ್ಳು ಕೆಮ್ಮು. ಚಪ್ಪಾಳೆ ಮಾತ್ರ ಖರೇ. ಆ ದಿನ ನನಗೆ ಬಹಳ ಸಂತೋಷವಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಮೊನ್ನೆ ಗುರುವಾರ ಜಿಲ್ಲಾ ಮಟ್ಟಕ್ಕೆಂದು ಕೊಪ್ಪಳಕ್ಕೆ ಹೊರಟೆವು. ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕೇಳಿದ, ತೋರಿಸಿದೆ. ‘ನೇತ್ರಾವತಿ’ ಎಂದು ದೊಡ್ಡದಾಗಿ ಓದಿ ಪುಕ್ಕಟೆ ಟಿಕೀಟು ಹರಿದುಕೊಟ್ಟ. ಮಾಸ್ತರರು ಬೆವರು ಒರೆಸಿಕೊಂಡು, ‘ಬಸ್ಸಿನ್ಯಾಗ ನೇತ್ರಾವತಿ, ಇಳದ ಮ್ಯಾಲೆ ಲಲಿತಾ. ನೆನಪಿರಲಿ’ ಎಂದರು.

ಆಗ ಅವರಿಗೆ ಒಂದು ಫೋನು ಬಂತು. ನಿಮ್ಮವ್ವ ಹಂಪವ್ವ ಚಿಗವ್ವ. ನಿಮ್ಮವ್ವನ ದನಿ ಫೋನಿಲ್ಲದಿದ್ದರೂ ಗಂಗಾವತಿಯಿಂದ ಇಲ್ಲಿಗೆ ಮುಟ್ಟುತ್ತದೆ, ನಾನಂತೂ ಪಕ್ಕದ ಸೀಟಿನಲ್ಲಿದ್ದೆ. ‘ಸರ್, ಎಷ್ಟ ಸಲ ಕೇಳೂದ್ರಿ? ಟಿ.ಸಿ. ಇಲ್ಲದ ಇಲ್ಲೆ ಹುಡುಗೀನ ಹಿಂದಿನ ಬೆಂಚಿಗೆ ಸುಮ್ನ ಕುಂಡ್ರಿಸ್ಯಾರ. ಹತ್ತನೇತ್ತಿ ಪರೀಕ್ಷಾಕ್ಕ ಹೆಸರ ಕಟ್ಟೂದು ಬರೋ ವಾರ ಮುಗಿತೈತಂತ. ವರ್ಷ ಹೋಗತೈತ್ರಿ ಅಕಿದು!’ ಮಾಸ್ತರರು, ‘ಗುಮಾಸ್ತರು ರಜಾದಾಗ ಅದಾರವಾ’ ಎಂದು ಫೋನು ಕಿಸೆಗೆ ಹಾಕಿದರು. ಗುಮಾಸ್ತರು ಆ ದಿನ ಮುಂಜಾನೆ ಬಸ್‌ಸ್ಟ್ಯಾಂಡಿನಲ್ಲಿ ನಮಗೆ ಕೈಬೀಸಿ ಕಳಿಸಿದ್ದರು.

‘ಸರ್, ಟಿ.ಸಿ. ಯಾಕ ಕೊಟ್ಟಿಲ್ರಿ?’ ಎಂದು ಕೇಳಿದೆ.

‘ಕೊಟ್ರ ನೀ ಯಾರಾಗ್ತಿ?’ ಎಂದರು.

ಆಮೇಲೆ ಸಣ್ಣ ದನಿಯಲ್ಲಿ, ‘ಒಂದ ಸಲ ಜಿಲ್ಲಾದಾಗ ಗೆಲ್ಲೂಣು ನೇತ್ರಾ. ನಮ್ಮ ಸಾಲಿ ಹೆಸರು ಯಲಬುರ್ಗಾ ದಾಟಿ ಯಾವತ್ತೂ ಹೋಗಿಲ್ಲ. ಸೋಮವಾರ ಕೊಟ್ಟಬಿಡ್ತೀನಿ’ ಎಂದರು. ಅವರು ಕೆಟ್ಟವರಲ್ಲ, ಲಲಿತಾ. ನಮ್ಮ ಆರೂ ಮಂದಿಯ ಜರಿ ಟೊಪ್ಪಿಗೆ ತಾವೇ ಕೂತು ಮಿಂಚು ಹಚ್ಚಿದ್ದರು. ಆದರೆ ನನಗೆ ಗೊತ್ತಾಯಿತು: ಗೆದ್ದರೆ ರಾಜ್ಯ ಮಟ್ಟ ಬರುತ್ತದೆ, ಆ ಸೋಮವಾರ ಬರುವುದಿಲ್ಲ.

ಕೊಪ್ಪಳದ ಸಭಾಂಗಣದಲ್ಲಿ ಹುಡುಗರೋ ಹುಡುಗರು. ಮೂಲೆಯಲ್ಲಿ ಒಬ್ಬ ಛದ್ಮವೇಷದ ಯಮ ತನ್ನ ಕೋಣದ ಕೋಡು ಹುಡುಕುತ್ತ ಅಳುತ್ತಿದ್ದ. ನಮ್ಮ ಸರದಿ ಬಂತು, ಹಾಡಿದೆವು. ಮೊದಲ ಸಲ ಆ ಸಾಲನ್ನು ಇದ್ದಂತೆಯೇ ಹಾಡಿದೆ: ಬಿಳಿ ಗಾಡಿಯವರೇ, ಸರಿಯಿರಿ, ದಾರಿ ಕಟ್ಟಿದೆ. ಹಾಡುತ್ತಿದ್ದಂತೆ ನನಗೆ ಹೊಳೆಯಿತು. ಅಡ್ಡ ನಿಂತ ಗಾಡಿ ನಾನೇ. ಗಂಗಾವತಿಯಲ್ಲಿ ನೀನು ಹಿಂದಿನ ಬೆಂಚಿನಲ್ಲಿ ಕೂತಿದ್ದೀ, ಇಲ್ಲಿ ನಾನು ಮಿಂಚಿನ ಟೊಪ್ಪಿಗೆ ಹಾಕಿಕೊಂಡು ನಿನ್ನ ಬಾಗಿಲಿಗೆ ಅಡ್ಡ ನಿಂತಿದ್ದೇನೆ.

ಎರಡನೇ ಸಲ ಆ ಸಾಲು ಬಂದಾಗ ಅದೇ ಧಾಟಿಯಲ್ಲಿ ಹಾಡಿಬಿಟ್ಟೆ:

‘ಲಲಿತಾ ಗಂಗಾವತ್ಯಾಗ ಅದಾಳ್ರೀ, ನಾನು ನೇತ್ರಾವತಿ ಅದೀನ್ರೀ, ಅಕಿ ಟಿ.ಸಿ. ಕೊಡ್ರೀ, ರಸ್ತಾ ಬಂದ್ ಹೈ!’

ಇದ್ದದ್ದನ್ನು ಇದ್ದ ಹಾಗೆ ಎತ್ತಿಕೊಳ್ಳುವುದೇ ನಮ್ಮ ತಾಲೀಮಲ್ಲವೇ? ಐವರೂ ಒಂದೇ ದನಿಯಲ್ಲಿ ‘ಅಕಿ ಟಿ.ಸಿ. ಕೊಡ್ರೀ’ ಎಂದು ಎತ್ತಿಕೊಂಡು ಚಪ್ಪಾಳೆ ಹಾಕಿದರು. ಮಾಸ್ತರರು ಪರದೆಯ ಸಂದಿಯಿಂದ ‘ಬ್ಯಾಡ, ಬ್ಯಾಡ’ ಎಂದು ಎರಡೂ ಕೈ ಬೀಸಿದರು. ತಾಲೀಮಿನಲ್ಲಿ ಅವರು ಕೈ ಬೀಸಿದರೆ ‘ಲಯ ಏರಿಸು’ ಎಂದರ್ಥ. ಮಲ್ಲೇಶ ಢೋಲಕ್ಕು ಏರಿಸಿದ. ಶ್ವೇತಾ ಗಿಳಿಗಳು ಹಾರಿಹೋಗುವಂತೆ ಹಾರ್ಮೋನಿಯಂ ಒತ್ತಿದಳು. ಮಾಸ್ತರರು ಇನ್ನೂ ಜೋರಾಗಿ ಬೀಸಿದರು, ನಾವು ಇನ್ನೂ ಏರಿಸಿದೆವು. ಕೆಳಗೆ ಕೂತ ಹುಡುಗರೂ ಹಿಡಿದುಕೊಂಡರು. ಇಡೀ ಸಭಾಂಗಣ ನಿನ್ನ ಟಿ.ಸಿ. ಕೇಳಿತು, ಲಲಿತಾ. ಯಮನೂ ಅಳು ನಿಲ್ಲಿಸಿ ಕೇಳಿದ.

ಹಾಡು ಮುಗಿದ ಮೇಲೆ ತೀರ್ಪುಗಾರರಲ್ಲಿ ಹಿರಿಯ ಮೇಡಂ ನನ್ನ ಹೆಸರು ಕೇಳಿದರು. ಕೆಮ್ಮಲಿಲ್ಲ. ತಂಡವನ್ನು ಸ್ಪರ್ಧೆಯಿಂದ ಕೈಬಿಟ್ಟರು, ಅದು ನ್ಯಾಯವೇ. ಮೇಡಂ ಮಾಸ್ತರರನ್ನು ಕರೆದು, ‘ಸರ್, ಆ ಬಿಳಿ ಗಾಡಿ ಅಂದ್ರ ಏನು?’ ಎಂದು ಕೇಳಿದರು. ಮಾಸ್ತರರು ನೆಲ ನೋಡುತ್ತ, ‘ಟೆಂಪೋರಿ’ ಎಂದರು. ಅವರು ಖರೇ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬರುವಾಗ ಬಸ್ಸಿನಲ್ಲಿ ಮಲ್ಲೇಶ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದ. ‘ಹಾಡ ಮುಗಿದ ಮ್ಯಾಲರೆ ಹೇಳಬಾರದಿತ್ತೇನು?’ ಎಂದು ಶ್ವೇತಾ ಒಂದೇ ಮಾತು ಕೇಳಿದಳು. ಅವರ ಹಬ್ಬ ನನ್ನಿಂದ ಕೆಟ್ಟಿತು. ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅವರು ಎದುರಾದರೆ ಮಾತ್ರ ನಾನು ಓಣಿ ಬದಲಿಸುತ್ತೇನೆ. ಎರಡೂ ಖರೇ.

ನಿನ್ನೆ ಶನಿವಾರ ಮಾಸ್ತರರು ನಿನ್ನ ಟಿ.ಸಿ. ಬರೆಸಿ, ಮುದ್ರೆ ಹಾಕಿಸಿ ಕೊಟ್ಟರು. ‘ಟಪಾಲಿಗೆ ಹಾಕಿದ್ರ ತಡಾ ಆಗತೈತಿ. ಅಡ್ಡ ನಿಂತಾಕಿ ನೀನ, ನೀನ ಒಯ್ದು ಕೊಡು’ ಎಂದರು. ಅದರಲ್ಲಿ ನಿನ್ನ ನಡತೆ ‘ಉತ್ತಮ’ ಎಂದಿದೆ. ಚೌತಿಯಿಂದ ಈಚೆಗಿನ ನಡತೆ ನನ್ನದು, ಆದರೂ ಇರಲಿ, ಇಟ್ಟುಕೋ. ಗಣಿತದ ಅಂಕ ಅದರಲ್ಲಿ ಬರುವುದಿಲ್ಲವಂತೆ, ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.

ಇನ್ನು ನಿನ್ನ ಹೆಸರು ನಿನಗೇ. ಅದನ್ನು ಎಲ್ಲಿಯೂ ಹರಿದಿಲ್ಲ, ಸ್ವಲ್ಪ ಕೆಮ್ಮು ಹತ್ತಿರಬಹುದು.

ಇಂತಿ ಕಟ್ಟೆಯ ಮೇಲೆ ಕಾಯುತ್ತಿರುವ,
ನೇತ್ರಾವತಿ

ಮರೆತದ್ದು: ಬೇಜಾರಾಗಿ ಒಪ್ಪಿದೆ, ಬೇರೇನೂ ಕಾರಣವಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಈ ಪತ್ರದಲ್ಲಿ ಅದೊಂದೇ ಸುಳ್ಳು. ನಿನ್ನೆ ಟಿ.ಸಿ.ಗಾಗಿ ಕಾಯುತ್ತ ಹತ್ತನೇತ್ತಿಯ ಕಿಟಕಿಯ ಹೊರಗೆ ನಿಂತಿದ್ದೆ. ಒಳಗೆ ಹಾಜರಿ ಕೂಗುತ್ತಿದ್ದರು. ನಿನ್ನ ಹೆಸರು ಬರಲಿಲ್ಲ, ಆದರೂ ಅದರ ಜಾಗ ಬಂದಾಗ ನನ್ನ ಬಾಯಿ ತಾನೇ ತೆರೆಯಿತು. ಮಾಸ್ತರರು ಕಿಟಕಿಯ ಕಡೆ ನೋಡಿ, ‘ಜೂನಿನ್ಯಾಗ ಒಂಬತ್ತನೇತ್ತಿಗೆ ಒಂದ ಜಾಗ ಇರತೈತಿ, ನಿಂದ ಹೆಸರು ತಗೊಂಡ ಬಾ’ ಎಂದರು. ನಿನ್ನ ಒಂಬತ್ತನೇತ್ತಿಯ ಗಣಿತ ಪುಸ್ತಕ ರದ್ದಿಗೆ ಹಾಕಿರದಿದ್ದರೆ ತೆಗೆದಿಡು. ಯಾಕೆ ಎಂದು ಮಾತ್ರ ಕೇಳಬೇಡ, ಕೇಳಿದರೆ ಹೇಳಿಬಿಡುತ್ತೇನೆ.

ಅಜ್ಜಿ ರೊಟ್ಟಿ ಕಟ್ಟುತ್ತಿದ್ದಾಳೆ. ನಾಳೆ ಮುಂಜಾನೆಯ ಬಸ್ಸಿಗೆ ಹೊರಡುತ್ತೇನೆ.