ಇತರೆ ವಿಷಯಗಳು

ಭಾನುವಾರ, ಬೆಳಗ್ಗೆ

ಮಗಳೇ,

ಕೋಪ ಮಾಡಿಕೊಂಡು ಕೂತವಳಿಗೆ ಮೊದಲು ಆಶೀರ್ವಾದ, ಆಮೇಲೆ ವಿಷಯ. ನೀನು ಫೋನ್ ಎತ್ತುತ್ತಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರಿಗೆಲ್ಲ ಲೈನ್ ಜೋಡಿಸಿಕೊಟ್ಟವಳಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಲೈನೇ ಸಿಗುತ್ತಿಲ್ಲ ಅಂದರೆ ಕೇಳಿದವರು ನಕ್ಕಾರು. ಅದಕ್ಕೇ ಈ ಕಾಗದ. ಫೋನಾದರೆ ನೀನು ಅರ್ಧಕ್ಕೆ ಕಟ್ ಮಾಡುತ್ತಿದ್ದೆ. ಕಾಗದವನ್ನು ಸಿಟ್ಟಿನಲ್ಲಿ ಮಡಿಸಿಟ್ಟರೂ ಮತ್ತೆ ತೆಗೆದು ಓದುತ್ತೀಯೆ, ನಿನ್ನ ಸ್ವಭಾವ ನನಗೆ ಗೊತ್ತು.

ಅಳಿಯ ಗುರುವಾರ ಬಂದಿದ್ದ. ಪಾಪ, ಕುರ್ಚಿಯ ತುದಿಯಲ್ಲಿ ಕೂತು, ಚಳಿಯ ವಿಷಯ, ಮೊಮ್ಮಗಳ ಪರೀಕ್ಷೆ, ನನ್ನ ಮಂಡಿನೋವು ಎಲ್ಲವನ್ನೂ ಒಂದು ಸುತ್ತು ಹಾಕಿ ಕೊನೆಗೆ ಬಾಯಿಬಿಟ್ಟ. ಹಿರಿಯ ನಾಗರಿಕರ ಸಲಹಾ ಮಂಡಳಿಗೆ ನಾನು ರಾಜೀನಾಮೆ ಕೊಟ್ಟುಬಿಟ್ಟರೆ ಹೇಗೆ, ಆರೋಗ್ಯ ಸರಿಯಿಲ್ಲ ಅಂತ ಬರೆದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಪಾಲಿಕೆಯ ಆಫೀಸಿನಲ್ಲಿ ನಿನಗೆ ತಲೆಯೆತ್ತಿ ಓಡಾಡುವುದೇ ಕಷ್ಟವಾಗಿದೆ ಅಂದ. ನನ್ನ ಆರೋಗ್ಯ ಚೆನ್ನಾಗಿದೆ ಅಂತ ಹೇಳಿ, ಚಹಾ ಕುಡಿಸಿ ಕಳಿಸಿದೆ.

ಈ ಕಾಗದದಲ್ಲಿ ಕ್ಷಮಾಪಣೆ ಇಲ್ಲ, ಹುಡುಕಬೇಡ. ಆ ದಿನ ಮಂಡಳಿಯ ಸಭೆಯಲ್ಲಿ ನೀನು ಅರ್ಧ ಕೇಳಿಸಿಕೊಂಡು ಎದ್ದುಹೋದೆ. ಹಿಂದಿನ ಅರ್ಧ, ಮುಂದಿನ ಅರ್ಧ ಎರಡನ್ನೂ ಹೇಳಿಬಿಡುತ್ತೇನೆ.

ಮಾರುಕಟ್ಟೆ ಬೀದಿ ನಿನ್ನ ಮೊದಲ ದೊಡ್ಡ ಕೆಲಸ. ಉದ್ಘಾಟನೆಯ ದಿನ ನಾನು ಮುಂದಿನ ಸಾಲಿನಲ್ಲಿ ಕೂತು, ಈ ಬೀದಿಯ ಎಂಜಿನಿಯರ್ ನನ್ನ ಮಗಳು ಅಂತ ಅಕ್ಕಪಕ್ಕದವರ ತಲೆ ತಿಂದಿದ್ದೆ. ನುಣುಪಾದ ಕಲ್ಲಿನ ಹಾಸು, ಸಾಲಾಗಿ ಹೂಕುಂಡಗಳು, ಕುತ್ತಿಗೆ ಬಗ್ಗಿಸಿದ ದೀಪಗಳು. ಬಸ್ ನಿಲ್ದಾಣದ ಪಕ್ಕದ ಹಳೇ ಶೌಚಾಲಯ ಮಾಯವಾಗಿತ್ತು. ಮೂಗು ಮುಚ್ಚಿಕೊಂಡು ಹೋಗಬೇಕಾಗಿದ್ದ ಜಾಗ ಅದು. ಪೀಡೆ ತೊಲಗಿತು ಅಂತ ನಾನೂ ಅಂದುಕೊಂಡೆ. ಹಾಗಾಗಿ ತಪ್ಪೆಲ್ಲ ನಿನ್ನೊಬ್ಬಳದೇ ಅಂತ ನಾನು ಎಲ್ಲೂ ಹೇಳಿಲ್ಲ, ಹೇಳುವುದೂ ಇಲ್ಲ.

ಹೋದ ಚಳಿಗಾಲದಲ್ಲಿ ಒಂದು ದಿನ ಕನ್ನಡಕದ ಕಡ್ಡಿ ಮುರಿಯಿತೆಂದು ಮಾರುಕಟ್ಟೆಗೆ ಹೋದೆ. ಅಂಗಡಿಯವರು ಕಾಯಿಸಿದರು. ಬಸ್ ನಿಲ್ದಾಣಕ್ಕೆ ಬರುವ ಹೊತ್ತಿಗಾಗಲೇ ತಡೆದುಕೊಂಡಿದ್ದೆ. ಬಸ್ ಬರಲಿಲ್ಲ. ಕಾಲು ತಾನಾಗಿಯೇ ಹಳೇ ಜಾಗಕ್ಕೆ ಹೋಯಿತು. ಅಲ್ಲಿ ನಿನ್ನ ಹೂಕುಂಡ ಕೂತಿತ್ತು. ಬಟ್ಟೆ ಅಂಗಡಿಗೆ ಹೋಗಿ ಮೆಲ್ಲಗೆ ಕೇಳಿದೆ. ಮಾಲೀಕ ತಲೆಯೆತ್ತದೆ, ಅದು ಕೆಲಸದವರಿಗೆ ಮಾತ್ರ ಅಂದ. ಪಕ್ಕದ ಬೇಕರಿಯವಳು ನಮ್ಮಲ್ಲಿ ಇಲ್ಲವೇ ಇಲ್ಲ ಅಂದಳು. ಹಾಗಾದರೆ ದಿನವಿಡೀ ಅವಳೇನು ಮಾಡುತ್ತಾಳೋ! ಇನ್ನೊಂದು ಬಾಗಿಲು ತಟ್ಟುವಷ್ಟು ಪುರುಸೊತ್ತನ್ನು ನನ್ನ ಮೈ ಕೊಡಲಿಲ್ಲ. ಜನ ತುಂಬಿದ ಬೀದಿಯಲ್ಲಿ, ನೀನು ಹಾಸಿಸಿದ ಆ ಚೆಂದದ ಕಲ್ಲಿನ ಮೇಲೆ, ನಿಂತ ಹಾಗೇ ಬಟ್ಟೆ ಒದ್ದೆಯಾಯಿತು.

ಆಗ ನಾನು ಏನು ಮಾಡಿದೆ ಗೊತ್ತೇ? ಗೂಡಂಗಡಿಯಲ್ಲಿ ಒಂದು ಬಾಟಲಿ ನೀರು ಕೊಂಡು, ಮುಚ್ಚಳ ತೆಗೆದು, ಕೈಜಾರಿದವಳ ಹಾಗೆ ಮೈಮೇಲೆ ಸುರಿದುಕೊಂಡೆ. ನಾಲ್ಕು ಜನಕ್ಕೆ ಕೇಳಲಿ ಅಂತ ‘ಅಯ್ಯೋ’ ಅಂತಲೂ ಅಂದೆ. ಅಂಗಡಿಯವನು ಒರೆಸಿಕೊಳ್ಳಲು ಹಳೇ ಪೇಪರ್ ಕೊಟ್ಟ. ಬಸ್ಸಿನಲ್ಲಿ ಯಾರೋ ಸೀಟು ಬಿಟ್ಟುಕೊಟ್ಟರೂ ಬೇಡವೆಂದು ಮನೆಯವರೆಗೂ ನಿಂತೇ ಬಂದೆ. ಆ ಸಂಜೆ ನೀನು ಬಂದು, ಏನಮ್ಮ ಇಷ್ಟು ಹೊತ್ತಿನಲ್ಲಿ ಬಟ್ಟೆ ಒಗೆದಿದ್ದೀಯ ಅಂತ ಕೇಳಿದ್ದೆ. ಕೆಲಸವಿರಲಿಲ್ಲ, ಒಗೆದೆ ಅಂದೆ ನಾನು.

ಆಮೇಲೆ ಮಾರುಕಟ್ಟೆ ಬಿಟ್ಟೆ. ಗ್ರಂಥಾಲಯ ಬಿಟ್ಟೆ. ನದಿಯಾಚೆಯ ಗೆಳತಿಯ ಮನೆಗೆ ಹೋಗುವುದನ್ನೂ ಬಿಟ್ಟೆ. ಅಮ್ಮ ಈಗೀಗ ಮನೆಯಲ್ಲೇ ಆರಾಮಾಗಿರುತ್ತಾಳೆ ಅಂತ ನೀನು ಎಲ್ಲರಿಗೂ ಖುಷಿಯಿಂದ ಹೇಳುತ್ತಿದ್ದೆ.

ಮಂಡಳಿಯ ಸಭೆಗೆ ಮಾತ್ರ ತಪ್ಪದೆ ಹೋಗುತ್ತಿದ್ದೆ, ಯಾಕೆಂದರೆ ಪಾಲಿಕೆಯವರು ಮನೆ ಬಾಗಿಲಿಗೆ ಕಾರು ಕಳಿಸುತ್ತಿದ್ದರು. ನಮ್ಮ ಮಂಡಳಿಯ ವೈಭವ ನಿನಗೆ ಗೊತ್ತಿಲ್ಲ. ಅಧ್ಯಕ್ಷರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು, ಇರುವೆಗೂ ದಾರಿ ಬಿಡುವಂಥ ಮನುಷ್ಯ. ಕೋಲು ಹಿಡಿದು ಬರುವ ದರ್ಜಿ, ದೊಡ್ಡಾಸ್ಪತ್ರೆಯಲ್ಲಿದ್ದ ನರ್ಸಮ್ಮ, ಶಾಲೆ ಬಿಟ್ಟು ಎಷ್ಟು ಕಾಲವಾದರೂ ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುವವರಂತೆ ನೋಡುವ ಹೆಡ್‌ಮಿಸ್, ಮತ್ತು ನಾನು. ದರ್ಜಿ ನನಗೆ ಟ್ರಂಕ್‌ಕಾಲ್ ಅಂತ ಹೆಸರಿಟ್ಟಿದ್ದಾನೆ. ನಾನು ಮಾತಾಡಿದರೆ ಪಕ್ಕದ ಊರಿಗೂ ಕೇಳುತ್ತದಂತೆ. ಮಂಡಳಿಯ ಲಾಂಛನದಲ್ಲಿ ಊರುಗೋಲು ಇರಬೇಕೋ ಬೇಡವೋ ಅಂತ ನಾವು ಎರಡು ಸಭೆ ಚರ್ಚಿಸಿದ್ದೇವೆ. ಊರಿನ ಅತಿ ಹಿರಿಯರಿಗೆ ಸನ್ಮಾನ ಮಾಡುವ ಯೋಜನೆಗೆ ಒಪ್ಪಿಗೆ ಕೊಟ್ಟಿದ್ದೇವೆ. ಅದರಿಂದ ಯಾವ ಹಿರಿಯರಿಗೆ ಏನಾಯಿತೋ ನನಗೆ ತಿಳಿಯದು.

ಪ್ರತಿ ಸಭೆಯಲ್ಲೂ ಎಲ್ಲರ ಮುಂದೆ ಒಂದೊಂದು ನೀರಿನ ಬಾಟಲಿ ಇಡುತ್ತಾರೆ. ಒಂದು ದಿನ ನೋಡುತ್ತೇನೆ, ಸಭೆ ಮುಗಿದರೂ ಒಬ್ಬರ ಬಾಟಲಿಯ ಮುಚ್ಚಳವೂ ತೆಗೆದಿಲ್ಲ. ಹೊರಗೆ ಬಂದು ನರ್ಸಮ್ಮನನ್ನು ಕೇಳಿದೆ. ಹೊರಗೆ ಹೊರಡುವ ದಿನ ಬೆಳಗ್ಗೆಯಿಂದಲೇ ನೀರು ಮುಟ್ಟುವುದಿಲ್ಲ ಅಂದಳು. ರೋಗಿಗಳಿಗೆಲ್ಲ ನೀರು ಕುಡಿಯಿರಿ, ಕುಡಿಯಿರಿ ಅಂತ ಹೇಳುತ್ತಲೇ ನಿವೃತ್ತಳಾದವಳು! ದರ್ಜಿಯನ್ನು ಕೇಳಿದೆ. ಅವನು ನಕ್ಕು, ಮೂತ್ರ ಹೆಚ್ಚಿಸುವ ತನ್ನ ಬಿ.ಪಿ. ಮಾತ್ರೆಗಳನ್ನೂ ಆ ದಿನ ನುಂಗುವುದಿಲ್ಲ ಅಂದ. ಅವರಿಬ್ಬರೂ ನನ್ನಂತೆಯೇ, ಮಾರುಕಟ್ಟೆಗೆ ಹೋಗುವುದನ್ನು ಬಿಟ್ಟಿದ್ದರು. ನನ್ನೊಬ್ಬಳ ಅವಮಾನ ಅಂತ ನಾನು ಬಚ್ಚಿಟ್ಟುಕೊಂಡದ್ದು ಅಲ್ಲಿದ್ದವರೆಲ್ಲರ ಹತ್ತಿರವೂ ಇತ್ತು.

ಮುಂದಿನ ಸಭೆಯಲ್ಲಿ ಮಾರುಕಟ್ಟೆಗೆ ಶೌಚಾಲಯ ಬೇಕು ಅಂದೆ. ಅಧ್ಯಕ್ಷರು ಸಂಕೋಚದಿಂದ ಅದನ್ನು ಕಾರ್ಯಸೂಚಿಯ ಕೊನೆಯಲ್ಲಿ, ‘ಇತರೆ ವಿಷಯಗಳು’ ಅನ್ನುವಲ್ಲಿ ಸೇರಿಸಿದರು. ಇತರೆ ವಿಷಯಗಳು ಬರುವ ಹೊತ್ತಿಗೆ ಯಾವಾಗಲೂ ಕಾರು ಬಂದಿರುತ್ತದೆ. ಅದರ ಮುಂದಿನ ಸಭೆಯಲ್ಲೂ ಹಾಗೇ ಆಯಿತು. ಮೂರನೆಯ ಸಲ ನಾನು ಕಾರನ್ನು ವಾಪಸ್ ಕಳಿಸಿ ಕೂತೆ. ನಮಗೆಲ್ಲ ಇರುವುದು ಒಂದೇ ಕಾರು. ನಾನು ಏಳದೆ ಹೆಡ್‌ಮಿಸ್‌ಗೆ ಕಾರಿಲ್ಲ, ಹೆಡ್‌ಮಿಸ್‌ಗೆ ಕಾರಿಲ್ಲದೆ ಅಧ್ಯಕ್ಷರಿಗೆ ಉಳಿವಿಲ್ಲ. ಕೊನೆಗೆ ಬೀದಿ ಕಟ್ಟಿದ ಎಂಜಿನಿಯರನ್ನೇ ಕರೆಸಿ ಕೇಳೋಣ ಅಂತ ತೀರ್ಮಾನವಾಯಿತು. ಆ ಎಂಜಿನಿಯರ್ ಯಾರು ಅಂತ ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು. ಬೇರೆ ಯಾರನ್ನಾದರೂ ಕರೆಸಿ ಅನ್ನಬಹುದಿತ್ತು. ನಾನು ಅನ್ನಲಿಲ್ಲ.

ನೀನು ಚೆನ್ನಾಗಿ ಮಾತಾಡಿದೆ. ಪರದೆಯ ಮೇಲೆ ಚಿತ್ರ ತೋರಿಸಿದೆ, ಎಷ್ಟು ಜನ ಓಡಾಡುತ್ತಾರೆ ಅಂತ ಬಣ್ಣಬಣ್ಣದಲ್ಲಿ ಹಾಕಿದ್ದೆ. ಹಳೆಯದನ್ನು ಬಳಸುತ್ತಿದ್ದವರು ಕಡಿಮೆ, ಬೀದಿಯ ಕೊನೆಯ ಹೊಸ ಮಳಿಗೆಯಲ್ಲಿ ಒಳ್ಳೆಯ ವ್ಯವಸ್ಥೆ ಇದೆ ಅಂದೆ. ಅದು ಇರುವುದು ಆ ಮಳಿಗೆಯ ಎರಡನೇ ಮಹಡಿಯಲ್ಲಿ ಅಂತ ನೀನು ಹೇಳಲಿಲ್ಲ. ನಿನ್ನ ಪಕ್ಕದಲ್ಲಿ ಕೂತಿದ್ದ ಉಪ ಆಯುಕ್ತರು, ಇಷ್ಟಕ್ಕೂ ಇದರಿಂದ ಯಾರಿಗಾದರೂ ತೊಂದರೆಯಾಗಿದೆ ಅಂತ ಒಂದಾದರೂ ದೂರು ಇದೆಯೇ ಅಂತ ಕೇಳಿದರು. ಅಧ್ಯಕ್ಷರು ಇಲ್ಲವೆಂದು ತಲೆಯಾಡಿಸಿದರು. ಹಾಗಿದ್ದರೆ ಮುಂದಿನ ವಿಷಯಕ್ಕೆ ಹೋಗೋಣ ಅಂದರು ಉಪ ಆಯುಕ್ತರು.

ಎಕ್ಸ್‌ಚೇಂಜಿಗೆ ಸೇರಿದ ಹೊಸದರಲ್ಲಿ ನಾವು ಬೋರ್ಡಿನ ಮುಂದಿನಿಂದ ಏಳಬೇಕಾದರೆ ಕೈಯೆತ್ತಿ ಮೇಲ್ವಿಚಾರಕಿಯ ಅಪ್ಪಣೆ ಕೇಳಬೇಕಿತ್ತು. ಅವಳು ಈಗ ಬೇಡ ಅಂದರೆ ತುಟಿ ಕಚ್ಚಿಕೊಂಡು ಕೂರಬೇಕು. ಒಂದು ದಿನ ಹುಡುಗಿಯರೆಲ್ಲ ಒಟ್ಟಿಗೇ ಎದ್ದು ಹೋದೆವು. ಊರಿನ ಫೋನೆಲ್ಲ ಮೂಕವಾಯಿತು. ಮಾರನೆಯ ದಿನದಿಂದ ಯಾರೂ ಕೈಯೆತ್ತಲಿಲ್ಲ. ಅಂಥವಳು ಈ ವಯಸ್ಸಿನಲ್ಲಿ ಮತ್ತೆ ತುಟಿ ಕಚ್ಚಿಕೊಂಡು ಕೂತಿದ್ದೇನಲ್ಲ ಅನ್ನಿಸಿ ನನ್ನ ಮೇಲೆ ನನಗೇ ಸಿಟ್ಟು ಬಂತು. ಎದ್ದು ನಿಂತು,

“ದೂರು ಇದೆ ಸ್ವಾಮಿ. ನಾನೇ ಆ ದೂರು,” ಅಂದೆ.

ಮುಂದಿನದನ್ನು ನೀನು ಕೇಳಿಸಿಕೊಂಡಿದ್ದೀಯೆ. ಬಾಟಲಿಯ ನೀರಿನವರೆಗೂ ಎಲ್ಲ ಹೇಳಿದೆ. ನಾನು ಆಗ ನಿನ್ನ ಮುಖ ನೋಡುತ್ತಿದ್ದೆ. ಹೆಡ್‌ಮಿಸ್ ಇದೇನು ಸಭೆಯಲ್ಲಿ ಆಡುವ ಮಾತೇ ಅಂತ ಬ್ಯಾಗ್ ಎತ್ತಿಕೊಂಡು ನಡೆದರು. ಅಧ್ಯಕ್ಷರು ನನಗೆ ಉಪಕಾರ ಮಾಡುವವರಂತೆ, ಇದನ್ನು ನಡಾವಳಿಯಲ್ಲಿ ಬರೆಯುವುದು ಬೇಡ ಅಂತ ಗುಮಾಸ್ತನಿಗೆ ಸನ್ನೆ ಮಾಡಿದರು.

“ಬರೀರಿ. ನನ್ನ ಹೆಸರು ಹಾಕೇ ಬರೀರಿ,” ಅಂದೆ.

ನೀನು ಅಷ್ಟು ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಿಯಾಗಿತ್ತು. ನಿನ್ನ ಹಿಂದೆ ನಾನು ಮೆಟ್ಟಿಲವರೆಗೆ ಬಂದೆ. ಕಣ್ಣಲ್ಲಿ ನೀರು ತುಂಬಿಕೊಂಡು ನೀನು ಕೇಳಿದ್ದು ಒಂದೇ ಮಾತು.

“ಅಮ್ಮಾ, ಮನೇಲಿ ನಂಗೊಬ್ಳಿಗೆ ಹೇಳ್ಬಾರ್ದಿತ್ತಾ?”

ಅದಕ್ಕೆ ಉತ್ತರ ಈಗ ಕೊಡುತ್ತೇನೆ. ಮನೆಯಲ್ಲಿ ಹೇಳಿದ್ದರೆ ನೀನು ಏನು ಮಾಡುತ್ತಿದ್ದೆ? ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಒಳಗೆ ಕಟ್ಟಿಕೊಳ್ಳುವ ಡೈಪರನ್ನು ಯಾರಿಗೂ ಕಾಣದಂತೆ ಚೀಲದಲ್ಲಿ ತಂದುಕೊಡುತ್ತಿದ್ದೆ. ಮಾರುಕಟ್ಟೆಯ ಸಾಮಾನೆಲ್ಲ ನಾನೇ ತಂದುಕೊಡುತ್ತೇನೆ, ನೀನು ಹೊರಗೆ ಹೋಗಬೇಡ ಅನ್ನುತ್ತಿದ್ದೆ. ಎಷ್ಟು ಪ್ರೀತಿಯಿಂದ ಹೇಳುತ್ತಿದ್ದೆಯೆಂದರೆ ನಾನು ಒಪ್ಪಿಬಿಡುತ್ತಿದ್ದೆ. ಮಗಳಿಗೆ ಹೇಳಿದ್ದರೆ ಮಗಳು ನನ್ನನ್ನು ಸರಿಮಾಡಲು ಹೊರಡುತ್ತಿದ್ದಳು. ನನಗೆ ಸರಿಯಾಗಬೇಕಾಗಿದ್ದದ್ದು ಬೀದಿ. ಅದಕ್ಕೆ ಎಂಜಿನಿಯರಿಗೆ ಹೇಳಿದೆ.

ನಿನಗೆ ಅವಮಾನವಾಯಿತು, ನಿಜ. ಅದಕ್ಕೆ ಸಂಕಟಪಡುತ್ತೇನೆ. ಆದರೆ ನಿನ್ನ ಅಮ್ಮನಿಗೆ ವಯಸ್ಸಾಗಿದೆ, ಅವಳಿಗೂ ಒಂದು ಮೂತ್ರಕೋಶ ಇದೆ ಅನ್ನುವುದರಲ್ಲಿ ತಲೆ ತಗ್ಗಿಸುವಂಥದ್ದು ಏನಿದೆ ಅಂತ ನಾನು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಉಪ ಆಯುಕ್ತರಿಗೂ ಒಂದು ಇದೆ. ಅವರು ಇಡೀ ಸಭೆಯಲ್ಲಿ ಎರಡು ಸಲ ಹೊರಗೆ ಹೋಗಿಬಂದರು. ಅವರ ಕೋಣೆಯ ಪಕ್ಕದಲ್ಲೇ ಬಾಗಿಲಿದೆ.

ಇನ್ನು ನೀನು ಹೋದ ಮೇಲಿನದು. ನಾನು ಒಳಗೆ ಬಂದಾಗ ದರ್ಜಿ ಕೋಲೂರಿ ಎದ್ದು ನಿಂತಿದ್ದ. ತನ್ನ ಹೆಸರನ್ನೂ ಬರೆದುಕೊಳ್ಳಿ ಅನ್ನುತ್ತಿದ್ದ. ಆಮೇಲೆ ನರ್ಸಮ್ಮ. ಉಪ ಆಯುಕ್ತರು ಪರಿಶೀಲಿಸುತ್ತೇವೆ ಅಂದರು. ಪರಿಶೀಲಿಸುತ್ತೇವೆ ಅನ್ನುವುದರ ಅರ್ಥ ನನಗೆ ಗೊತ್ತು ಮಗಳೇ, ಎಕ್ಸ್‌ಚೇಂಜಿನಲ್ಲಿ ನಾವೂ ‘ಲೈನಿನಲ್ಲಿರಿ’ ಅನ್ನುತ್ತಿದ್ದೆವು. ಹಾಗಾಗಿ ನಾವು ಕಾಯಲಿಲ್ಲ. ಈ ತಿಂಗಳ ಸಭೆಯನ್ನು ಮಾರುಕಟ್ಟೆ ಬೀದಿಯಲ್ಲೇ ನಡೆಸುತ್ತೇವೆ ಅಂತ ಅಧ್ಯಕ್ಷರಿಗೆ ತಿಳಿಸಿ, ಮಡಿಸುವ ಕುರ್ಚಿಗಳನ್ನು ಹೊತ್ತುಕೊಂಡು ಹೋಗಿ, ನಿನ್ನ ಹೂಕುಂಡದ ಪಕ್ಕದಲ್ಲೇ ಕೂತೆವು. ಅಧ್ಯಕ್ಷರು ಟೈ ಕಟ್ಟಿಕೊಂಡು ಬಂದರು, ಬಂದರಲ್ಲ, ಅದು ದೊಡ್ಡದು. ಜನ ಸೇರಿದರು. ಯಾರೋ ಮುದುಕಮ್ಮ ತರಕಾರಿ ಚೀಲ ಕೆಳಗಿಟ್ಟು, ತಾನು ಈ ಬೀದಿಗೆ ಬರಬೇಕಾದರೆ ಹಿಂದಿನ ರಾತ್ರಿಯೇ ಸಾರು ಕುಡಿಯುವುದನ್ನು ಬಿಡುತ್ತೇನೆ ಅಂತ ಎಲ್ಲರ ಮುಂದೆ ಹೇಳಿದಳು. ಆಮೇಲೆ ಬಸ್ ಓಡಿಸುವವನೊಬ್ಬ ಬಂದು, ಇದು ಬರೀ ಮುದುಕರ ಕಷ್ಟ ಅಂದುಕೊಂಡಿದ್ದೀರಾ ಅಂತ ನಮ್ಮನ್ನೇ ಬೈದ.

ಅಲ್ಲಿಂದ ಎದ್ದು ಒಂದೊಂದೇ ಅಂಗಡಿಗೆ ಹೋದೆವು. ಪಾಲಿಕೆ ಕಟ್ಟಿಸುವವರೆಗೆ ನಿಮ್ಮ ಅಂಗಡಿಯದನ್ನು ಹಿರಿಯರಿಗೆ ಬಿಟ್ಟುಕೊಡಿ ಅಂತ ಕೇಳಿದೆವು. ಕೆಲವರು ಒಪ್ಪಿದರು, ಕೆಲವರು ಬಾಗಿಲಲ್ಲೇ ಕೈಮುಗಿದು ಕಳಿಸಿದರು. ಬಟ್ಟೆ ಅಂಗಡಿಯ ಮಾಲೀಕ ಈ ಸಲವೂ ತಲೆಯೆತ್ತಲಿಲ್ಲ. ಅವನ ಹೆಂಡತಿ ಒಳಗಿನಿಂದ ಬಂದು ಒಪ್ಪಿದಳು. ಅವನ ಅಂಗಡಿಯಲ್ಲಿ ಯಾರ ಮಾತು ನಡೆಯುತ್ತದೆ ಅಂತ ಅವತ್ತು ಬೀದಿಗೆಲ್ಲ ತಿಳಿಯಿತು.

ನಿನ್ನೆ ನಾನೊಬ್ಬಳೇ ಮಾರುಕಟ್ಟೆಗೆ ಹೋಗಿ, ಮೊಮ್ಮಗಳಿಗೆ ಉಣ್ಣೆ ಕೊಂಡು, ಗ್ರಂಥಾಲಯಕ್ಕೂ ಹೋಗಿ, ಸಂಜೆ ದೀಪ ಹತ್ತಿದ ಮೇಲೆ ಬಂದೆ. ನಿನ್ನ ದೀಪಗಳು ಚೆನ್ನಾಗಿವೆ. ಆ ಬೀದಿ ನನಗೆ ಇಷ್ಟ. ಇಷ್ಟವಿರುವುದಕ್ಕೇ ಅಲ್ಲಿಗೆ ಹೋಗಬೇಕು ಅಂತ ಹಟ ಮಾಡುತ್ತಿದ್ದೇನೆ. ಅಮ್ಮ ಮನೆಯಲ್ಲಿ ಆರಾಮಾಗಿದ್ದಾಳೆ ಅಂತ ಇನ್ನು ಯಾರಿಗೂ ಹೇಳಬೇಡ. ಅಮ್ಮ ಮನೆಯಲ್ಲಿಲ್ಲ ಅಂತ ಹೇಳು.

ಮೈ ಕಡೆ ನಿಗಾ ಇರಲಿ. ಸಿಟ್ಟಿನಲ್ಲಿ ಊಟ ಬಿಡುವ ನಿನ್ನ ಅಭ್ಯಾಸ ಮೊಮ್ಮಗಳಿಗೆ ಬರುವುದು ಬೇಡ.

ಇಂತಿ,
ಸಿಟ್ಟಿನಲ್ಲಿ ನಿನಗಿಂತ ಒಂದು ಕೈ ಮೇಲಿರುವ
ನಿನ್ನ ಅಮ್ಮ

ತಾ.ಕ.: ರಾಜೀನಾಮೆಯ ವಿಷಯ ಮರೆತೆ. ಬೀದಿಯ ಸಭೆಯಲ್ಲಿ ಒಂದು ರಾಜೀನಾಮೆ ಬಂತು, ಅಧ್ಯಕ್ಷರದು. “ನಂಗೆ ಯಾರ ಮೇಲೂ ರೇಗೋಕೆ ಬರಲ್ಲಮ್ಮ, ನಿಮ್ಗೆ ಬರತ್ತೆ,” ಅಂತ ಕಡತವನ್ನು ನನ್ನ ತೊಡೆಯ ಮೇಲಿಟ್ಟು ಹೋದರು. ಉಳಿದವರು ನಾನೇ ಆಗಲಿ ಅಂತ ಅಲ್ಲೇ ಕೈಯೆತ್ತಿದರು. ಹೆಡ್‌ಮಿಸ್ ಕೂಡ, ಮುಖ ಆ ಕಡೆ ತಿರುಗಿಸಿಕೊಂಡು. ಅಳಿಯನ ಮುಂದೆ ಹೇಳಲಿಲ್ಲ, ಪಾಪ, ಚಹಾ ನೆತ್ತಿಗೇರೀತು ಅಂತ. ಅಧ್ಯಕ್ಷೆಯಾಗಿ ನಾನು ಸಹಿ ಮಾಡಿದ ಮೊದಲ ಪತ್ರ ನಾಳೆ ನಿನ್ನ ಮೇಜಿಗೆ ಬರುತ್ತದೆ. ಶೌಚಾಲಯ ಎಲ್ಲಿ ಬೇಕು, ಯಾವಾಗ ಬೇಕು ಎಲ್ಲ ಅದರಲ್ಲಿದೆ, ಭಾಷೆ ಸ್ವಲ್ಪ ಖಾರ. ಅದಕ್ಕೆ ನಿಯಮದ ಪ್ರಕಾರ ಬರವಣಿಗೆಯಲ್ಲೇ ಉತ್ತರ ಕೊಡು. ಈ ಕಾಗದಕ್ಕೆ ಬರೆಯಬೇಡ, ಬಂದು ಜಗಳವಾಡು.