ಹದಿನೈದರ ಗೆರೆ

ಜನವರಿ 11, ಬೆಳಿಗ್ಗೆ 10

ಊಟದ ಮೇಜಿನ ಮೇಲೆ ಸ್ಕೇಲು. ಅವಲಕ್ಕಿ ಡಬ್ಬಿಗೆ ಓರೆಯಾಗಿ ಒರಗಿಸಿದ್ದು. ಒಂದು ಮೀಟರ್ ದೂರದಲ್ಲಿ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಕಣ್ಣಿಟ್ಟು ನೋಡಿದರೆ ಹದಿನೈದರ ಗೆರೆ ಎರಡಾಗಿ ಕಾಣುತ್ತದೆ. ರಿಂಗ್ ತಿರುಗಿಸಿ ಒಂದರ ಮೇಲೊಂದು ಕೂರಿಸಿದೆ. ಕ್ಲಿಕ್. 50ರ ಲೆನ್ಸಿನಲ್ಲಿ ಆರು ಫೋಟೋ, 35ರಲ್ಲಿ ಆರು. ಫಿಲ್ಮಿನಲ್ಲೂ ಹದಿನೈದೇ ಚೂಪಾಗಿ ಬಂದರೆ ಫೋಕಸ್ ಸರಿ.

ಯಕ್ಷಿತಾಗೆ ಅಂಧೇರಿಯಲ್ಲಿ ಯಾವುದೋ ಶೂಟಿಂಗ್. ಮಗಳು ನನ್ನ ಕ್ಯಾಮೆರಾ ಕೇಳಿದ್ದು ಇದೇ ಮೊದಲು.

"ಪಪ್ಪಾ, ಫೋಕಸ್ ಪಕ್ಕಾ ಅಲ್ವಾ?"

"ಕ್ಯಾಮೆರಾ ತಪ್ಪುದಿಲ್ಲ. ಎದುರು ಕೂತವರು ಅಲುಗಾಡ್ತಾರೆ, ಅಷ್ಟೆ."

ಅವಳು ಫೋನ್ ಇಟ್ಟಳು.

ಜನವರಿ 13

ರೋಲ್ ಲ್ಯಾಬಿಗೆ ಕೊಟ್ಟು ಬಂದೆ. ಬಸ್ಸು ಪರೇಲ್ ಮೇಲೆ ಹೋಯಿತು. ಆಸ್ಪತ್ರೆ ಬಂದಾಗ ಆಚೆ ಕಡೆ ನೋಡಿದೆ. ಹೆಂಡತಿ ನೀಲಾ ಹೋಗಿ ಐದು ತಿಂಗಳು.

ಜೂನಿನಲ್ಲಿ, ಎರಡನೇ ಕೀಮೋ ಆದ ಮೇಲೆ, ಕಿಟಕಿ ಹತ್ತಿರ ಕೂರಿಸಿ 50ರಲ್ಲೇ ಒಂಬತ್ತು ಫೋಟೋ ತೆಗೆದಿದ್ದೆ. ಒಂಬತ್ತರಲ್ಲೂ ಮುಖ ಮಂಜು. ರೇಗಿದ್ದೆ.

"ಎರಡು ನಿಮಿಷ ನೆಟ್ಟಗೆ ಕೂತ್ಕೊಳ್ಲಿಕ್ಕೆ ಆಗುದಿಲ್ವಾ ನಿಂಗೆ?"

"ಅಲುಗಾಡ್ಲಿಲ್ಲ ಮಾರಾಯ್ರೆ. ಉಸಿರು ಸಹ ಹಿಡ್ಕೊಂಡಿದ್ದೆ."

ನೆಗೆಟಿವ್ ತೆಗೆದು ಅವಳ ಮುಖದೆದುರೇ ಹಿಡಿದೆ. ತುಸು ಹೊತ್ತು ನೋಡಿ, "ಆಯ್ತು, ನಾನೇ ಅಲುಗಾಡಿರ್ಬೇಕು" ಅಂದಳು.

ಈಗ ಗೋಡೆಯ ಮೇಲಿರುವ ಅವಳ ಫೋಟೋ ಯಾರದೋ ಮದುವೆಯ ಗ್ರೂಪ್ ಫೋಟೋದಿಂದ ಕತ್ತರಿಸಿದ್ದು. ಅವಳ ಹೆಗಲ ಮೇಲೆ ಇನ್ಯಾರದೋ ಕೈ.

ಜನವರಿ 20, ಮಧ್ಯಾಹ್ನ

ನೆಗೆಟಿವ್ ಬಂತು. 35 ಸರಿ. 50ರಲ್ಲಿ ಹದಿನೈದು ಮಂಜು, ಇಪ್ಪತ್ತನಾಲ್ಕು ಚೂಪು. ಆರಕ್ಕೆ ಆರೂ ಹಾಗೇ. ಅಂದರೆ ಕಣ್ಣಿಗೆ ಹಿಡಿದ ಫೋಕಸ್ ಹಿಂದೆ ಕಿವಿಗೆ ಹೋಗಿ ಬೀಳುತ್ತದೆ...

ಮೇ ತಿಂಗಳಲ್ಲಿ ಈ ಲೆನ್ಸ್ ನಾನೇ ಬಿಚ್ಚಿದ್ದೆ. ಹಿಂದಿನ ಮಳೆಗಾಲದ ಫಂಗಸ್ ಒರೆಸಲು. ಜೋಡಿಸಿದ ಮೇಲೆ ಕಾಗದದಷ್ಟು ತೆಳುವಾದ ಹಿತ್ತಾಳೆ ಉಂಗುರ ಒಂದು ಉಳಿದಿತ್ತು. ಹೆಚ್ಚಿನದ್ದು ಅಂದುಕೊಂಡೆ. ಟೆರೇಸಿನಿಂದ ದೂರದ ಮಿಲ್ ಚಿಮಣಿ ತೆಗೆದು ನೋಡಿದೆ — ಸಣ್ಣ ತಪ್ಪು ಮುಚ್ಚಿಹೋಗುವಷ್ಟು ಬಿಸಿಲಿತ್ತು, ಚೆನ್ನಾಗಿಯೇ ಬಂತು. ಹತ್ತಿರದ್ದು ನೋಡಲಿಲ್ಲ. ನಲವತ್ತು ವರ್ಷದ ಅನುಭವ ಎಂಬ ಕೊಬ್ಬು.

ಸಂಜೆ 5

ಜೂನಿನ ಒಂಬತ್ತನ್ನೂ ಭೂತಗನ್ನಡಿ ಹಿಡಿದು ನೋಡಿದೆ. ಮುಖ ಮಂಜು. ಕಿವಿಯ ಬೆಂಡೋಲೆ ಮಾತ್ರ ಸ್ಪಷ್ಟ. ಏಳು ಹರಳೂ ಎಣಿಸಬಹುದು. ಅಲುಗಾಡಿದ್ದರೆ ಹರಳೂ ಅಳಿಸಿಹೋಗಬೇಕಿತ್ತು.

ಅವಳು ಅಲುಗಾಡಿರಲಿಲ್ಲ.

ಫೆಬ್ರವರಿ 2

ಉಂಗುರ ಹಳೆಯ ಫಿಲ್ಮ್ ಡಬ್ಬಿಯಲ್ಲೇ ಇತ್ತು. ಹಾಕಿದೆ. ಮತ್ತೆ ಸ್ಕೇಲು, ಮತ್ತೆ ಲ್ಯಾಬು. ಈಗ ಹದಿನೈದು ಅಂದರೆ ಹದಿನೈದು.

ಕ್ಯಾಮೆರಾ ಒಯ್ಯಲು ಯಕ್ಷಿತಾ ಬಂದಳು. ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ಹಾಸ್ಪಿಟಲ್‌ನಲ್ಲಿ ಮಮ್ಮಿ ಪ್ರಾಕ್ಟೀಸ್ ಮಾಡ್ತಿದ್ರು ಪಪ್ಪಾ. ಬಿಲ್ಕುಲ್ ಹಿಲೇ ಬಿನಾ, ಒಂಚೂರೂ ಅಲುಗಾಡದೆ ಕೂತ್ಕೊಳ್ಳೋದು. ನನ್ ಹತ್ರ ಟೈಮ್ ನೋಡು ಅಂತ ಹೇಳ್ತಿದ್ರು."

"ಯಾಕೆ?"

"ಈ ಸಲ ನಿನ್ನ ಪಪ್ಪನ ಫೋಟೋ ಹಾಳು ಮಾಡುದಿಲ್ಲ, ಅಂತ."

ಆ ಜೂನಿನ ನಂತರ ನಾನು ಕ್ಯಾಮೆರಾ ಕೈಗೆತ್ತಿಕೊಳ್ಳಲೇ ಇಲ್ಲ. ನೀಲಾ ಕಾದಿದ್ದಳು.

ಫೆಬ್ರವರಿ 3

ಒಂಬತ್ತನೆಯ ಫ್ರೇಮು ಕಿಟಕಿಗೆ ಅಂಟಿಸಿದ್ದೇನೆ. ನೀಲಾ, ನೀನು ಎಷ್ಟು ನೆಟ್ಟಗೆ ಕೂತಿದ್ದೆ ಅಂದರೆ —