ತಟ್ಟೆಯ ಎಡಗಡೆ

ಅತ್ತೆ,

ನೀವು ತೀರಿಹೋದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಲ್ಯಾಬೊಂದರಲ್ಲಿ ಇಲಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಔಷಧಿ ಪರೀಕ್ಷಿಸಲೆಂದು ಅವುಗಳಿಗೆ ನಿಮಗಾದಂತೆಯೇ ಲಕ್ವ ಬರಿಸುತ್ತಾರೆ. ನಿಂತು ನಿಂತು ಸಂಜೆಗೆ ಸೊಂಟ ಬಿದ್ದುಹೋಗುತ್ತದೆ.

ಇವತ್ತು ಒಂದು ಇಲಿ ಬಟ್ಟಲಿನ ಬಲಗಡೆಯ ಆಹಾರವನ್ನಷ್ಟೇ ತಿಂದು ಸುಮ್ಮನಾಯಿತು.

"ಇದಕ್ಕೆಷ್ಟು ಕೊಬ್ಬು ನೋಡಿ ಮೇಡಂ!" ಎಂದೆ.

"ಕೊಬ್ಬಲ್ಲ ಸುಮಂಗಲಾ. ಲಕ್ವ ಹೊಡೆದ್ಮೇಲೆ ಎಡಗಡೆ ಇರೋದು ಅದಕ್ಕೆ ಗೊತ್ತೇ ಆಗಲ್ಲ. ಬಟ್ಟಲು ತಿರುಗಿಸಿ," ಎಂದರು ಲ್ಯಾಬಿನ ವಿಜ್ಞಾನಿ ಸಮನ್ವಿತಾ.

ತಿರುಗಿಸಿದೆ. ಪೂರ್ತಿ ತಿಂದಿತು.

ದಿನವೂ ನಿಮ್ಮ ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತಿತ್ತು. ಎಡಗಡೆಯದೇ. ನಾನು ಮುಖ ಊದಿಸಿಕೊಂಡು ತಟ್ಟೆ ಎತ್ತುತ್ತಿದ್ದೆ.

ಅತ್ತೆ, ನನ್ನ ಅಡುಗೆ ನಿಮಗೆ ಸೇರುತ್ತಿತ್ತಾ?